ಗಂಡನಿಗೆ ಹೊರದೇಶದ ಪೋಸ್ಟಿಂಗ್. ನಾನು ಅಲ್ಲಿ ಹೋಗಿ ಏನು ಮಾಡಲಿ?

ಕೇಳಿದವರು: ಗಂಗಾವತಿ ಕೆಮಿಸ್ಟ್ರಿ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ. ಕೊಪ್ಪಳದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಆರು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನಮ್ಮ ಯಜಮಾನರು ವಿದೇಶಾಂಗ ಇಲಾಖೆಯಲ್ಲಿದ್ದಾರೆ. ಇಷ್ಟು ದಿನ ಅವರು ದೆಹಲಿಯಲ್ಲಿ, ನಾನು ಮಗಳ ಜೊತೆ ಇಲ್ಲಿ. ಈಗ ಹೊರದೇಶಕ್ಕೆ ಪೋಸ್ಟಿಂಗ್ ಆಗುವುದು ಗ್ಯಾರಂಟಿ, ಯಾವ ಊರು ಅಂತ ಇನ್ನೂ ಗೊತ್ತಿಲ್ಲ. ಮಗಳು ಎರಡನೇ ಕ್ಲಾಸು. ಓಣಿಯವರೆಲ್ಲ "ನಿನಗೇನವ್ವಾ, ಇನ್ನು ದಿನಾ ಪಾರ್ಟಿ" ಅನ್ನುತ್ತಾರೆ. ನನಗೆ ನೋಡಿದರೆ ರಾತ್ರಿ ನಿದ್ದೆ ಇಲ್ಲ. ಕೆಲಸಕ್ಕೆ ರಾಜೀನಾಮೆ ಕೊಡಬೇಕಾ? ಅಲ್ಲಿ ದುಡಿಯಲು ಬಿಡುತ್ತಾರಾ? ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಮನೆಯವರು ಏನು ಮಾಡುತ್ತಾರೆ? ಏನೇನು ಒಯ್ಯಬೇಕು? ಹೋಗಿ ಬಂದವರು ಹೇಳಿ.

ಸಿಂಧನೂರು ಅಕ್ಕ

ತಂಗಿ, ಮೊದಲು ಆ ಪಾರ್ಟಿ ವಿಷಯ ಮುಗಿಸೋಣ. ಪಾರ್ಟಿ ಇರುತ್ತದೆ, ಕಾಲು ಬಾವು ಬರುವಷ್ಟು ಇರುತ್ತದೆ. ಮೂರು ತಾಸು ನಿಂತೇ ಇರಬೇಕು. ಕೈಯಲ್ಲಿ ಒಂದು ಗ್ಲಾಸು ಜ್ಯೂಸು, ಮುಖದ ಮೇಲೆ ನಗು. ಊಟಕ್ಕೆ ಕೂರುವ ಜಾಗವೂ ನಮ್ಮ ಇಷ್ಟದ್ದಲ್ಲ. ಯಾವ ರಾಯಭಾರಿ ಆ ದೇಶಕ್ಕೆ ಮೊದಲು ಬಂದು ಅಧಿಕಾರ ವಹಿಸಿಕೊಂಡರೋ ಅವರಿಗೆ ಮುಂದಿನ ಕುರ್ಚಿ. ಅವರ ದೇಶ ದೊಡ್ಡದೋ ಸಣ್ಣದೋ ಲೆಕ್ಕಕ್ಕಿಲ್ಲ. ಮದುವೆ ಪಂಕ್ತಿಯಲ್ಲಿ ಬೀಗರನ್ನು ಕೂರಿಸಿ ಅಭ್ಯಾಸ ಇದ್ದವರಿಗೆ ಇದು ಬೇಗ ತಿಳಿಯುತ್ತದೆ. ಆಗಸ್ಟ್ 15 ಮತ್ತು ಜನವರಿ 26ರ ಬೆಳಿಗ್ಗೆ ಧ್ವಜ ಏರಿಸಿ ರಾಯಭಾರಿ ರಾಷ್ಟ್ರಪತಿಯವರ ಭಾಷಣ ಓದುತ್ತಾರೆ. ಆ ಹೊತ್ತಿಗೆ ನಾವು ಹಿಂದೆ ನಿಂತು ಸಮೋಸಾ ಎಣಿಸುತ್ತಿರುತ್ತೇವೆ.

ನನಗೆ ಅಳು ತರಿಸಿದ್ದು ಮಾತ್ರ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ. ಯಾವ ಮಂಗಳವಾರ ಅಂತ ಕೇಳಬೇಡ, ಎಲ್ಲ ಮಂಗಳವಾರವೂ. ಇಳಿದ ಮರುದಿನವೇ ನಮ್ಮ ಯಜಮಾನರಿಗೆ ಆಫೀಸು. ಮೇಜು ಇದೆ, ಕುರ್ಚಿ ಇದೆ, ಮಾತಾಡಲು ಜನ ಇದ್ದಾರೆ. ಮಗನಿಗೆ ವಾರದೊಳಗೆ ಶಾಲೆ ಸಿಕ್ಕಿತು. ಪೋಸ್ಟಿಂಗ್ ಆದೇಶದಲ್ಲಿ ಹೆಸರಿದ್ದದ್ದು ಅವರದು, ನನ್ನನ್ನು ಯಾರೂ ಯಾವ ಕೆಲಸಕ್ಕೂ ಹಾಕಿರಲಿಲ್ಲ. ನನಗೆ ಇದ್ದದ್ದು ಖಾಲಿ ಬಾಡಿಗೆ ಮನೆ. ಸಾಮಾನಿನ ಕಂಟೇನರ್ ಸಮುದ್ರದ ಮೇಲೆ. ಅದು ಬರಲು ಹನ್ನೊಂದು ವಾರ ಹಿಡಿಯಿತು. ಬಂದಾಗ ಒಳಕಲ್ಲು ಗಟ್ಟಿಯಾಗಿತ್ತು, ಮಿಕ್ಸಿ ಜಾರು ಮಾತ್ರ ಎರಡು ಹೋಳು. ಆವತ್ತಿನಿಂದ ನಾನು ಜೊತೆಗೆ ಒಯ್ಯುವ ಸಾಮಾನಿಗೆ ಬಹಳ ಬೆಲೆ ಕೊಡುತ್ತೇನೆ. ಸಣ್ಣ ಕುಕ್ಕರ್, ಒಂದು ಹಂಚು, ಮಸಾಲೆ ಡಬ್ಬಿ, ಮಗಳ ಔಷಧಿ, ಅವಳ ಟಿ.ಸಿ., ಲಸಿಕೆ ಕಾರ್ಡು, ನಿನ್ನ ಅಸಲಿ ಸರ್ಟಿಫಿಕೇಟು. ಇಷ್ಟೂ ವಿಮಾನದಲ್ಲಿ ನಿನ್ನ ಜೊತೆಗೇ ಬರಬೇಕು.

ನಾನು ಅಡಿಸ್ ಅಬಾಬಾದಲ್ಲಿ ದಾರಿಗೆ ಬಂದದ್ದು ಮಾರ್ಕೆಟ್ಟಿನಿಂದ. ಒಂದು ದಿನ ಕಾಳಿನ ಸಾಲಿನಲ್ಲಿ ಕರಿ ಎಳ್ಳಿನ ಹಾಗೆ, ಅದಕ್ಕಿಂತ ಸ್ವಲ್ಪ ಉದ್ದನೆಯ ಕಾಳು ಕಂಡಿತು. ಬಾಯಿಗೆ ಹಾಕಿಕೊಂಡೆ. ನಮ್ಮ ಗುರೆಳ್ಳು! ಅವರು ಅದಕ್ಕೆ ನುಗ್ ಅನ್ನುತ್ತಾರೆ. ಆಮೇಲೆ ತಿಳಿಯಿತು, ಗುರೆಳ್ಳಿನ ತವರೇ ಇಥಿಯೋಪಿಯ. ಅಲ್ಲಿ ಅದನ್ನು ಮುಖ್ಯವಾಗಿ ಎಣ್ಣೆಗೆ ಬಳಸುತ್ತಾರೆ. ನಾನು ಹುರಿದು, ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿ, ಮರುವಾರ ಅಂಗಡಿಯವಳಿಗೆ ಒಂದು ಚಮಚ ರುಚಿ ತೋರಿಸಿದೆ. ಅವಳು ಕೆಮ್ಮಿದಳು. ಆದರೂ ಅವತ್ತಿನಿಂದ ನನಗೆ ಆ ಊರಿನಲ್ಲಿ ಒಬ್ಬಳು ಪರಿಚಯದವಳಾದಳು. ಅಂಹರಿಕ್ ಭಾಷೆಯ ಮೊದಲ ನೂರು ಶಬ್ದ ಅವಳೇ ಕಲಿಸಿದ್ದು. ಮ್ಯಾನ್ಮಾರ್‌ನ ಯಾಂಗೂನ್‌ನಲ್ಲಿ ಪುಂಡಿಪಲ್ಯ ಇದೇ ಕೆಲಸ ಮಾಡಿತು. ಅಲ್ಲಿ ಅದು ಚಿನ್ ಬಾಂಗ್, ಸಂತೆಯಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ. ಅವರು ಸಿಗಡಿ, ಕಳಲೆ ಹಾಕಿ ಹುರಿಯುತ್ತಾರೆ, ನಾವು ಬೇಳೆ ಹಾಕಿ ಬೇಯಿಸುತ್ತೇವೆ. ಹೋದ ಊರಿನಲ್ಲಿ ಮೊದಲು ಸಂತೆ ಎಲ್ಲಿ ಅಂತ ಕೇಳು. ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಹೋದರೆ ಸಾಮಾನು ಸಿಗುತ್ತದೆ, ಜನ ಸಿಗುವುದಿಲ್ಲ.

ಮಾನ್ವಿಯವಳು

ಅಕ್ಕಾ ಹೇಳಿದ್ದು ಆಫೀಸರ್ ಮನೆಯ ಕಥೆ. ನಮ್ಮದೂ ಸ್ವಲ್ಪ ಕೇಳಿ. ನಮ್ಮ ಮನೆಯವರು ಸ್ಟಾಫ್. ಆಫೀಸರ್‌ಗಳ ಮನೆಯವರಿಗೆ ಮರೂನ್ ಬಣ್ಣದ ಪಾಸ್‌ಪೋರ್ಟು, ನಮಗೆ ಬಿಳಿ ಬಣ್ಣದ್ದು. ಊರಲ್ಲಿ ಯಾರಿಗೂ ಈ ವ್ಯತ್ಯಾಸ ಗೊತ್ತಿಲ್ಲ. ಎಲ್ಲರಿಗೂ ನಾವು "ಅಂಬಾಸಿಡರ್ ಮನೆಯವರು". ನಾನೂ ತಿದ್ದಲು ಹೋಗಲಿಲ್ಲ ಅನ್ನಿ.

ಮಾಸ್ಕೋದಲ್ಲಿ ಮೂರು ವರ್ಷ ಇದ್ದೆವು. ರಾಯಚೂರು ಬಿಸಿಲಿನಿಂದ ಎದ್ದು ನೇರ ಅಲ್ಲಿಗೆ. ಡಿಸೆಂಬರ್‌ನಲ್ಲಿ ಬೆಳಕು ಇರುವುದೇ ಏಳು ತಾಸು. ಮಗನಿಗೆ ಬಟ್ಟೆ ತೊಡಿಸಲು ಇಪ್ಪತ್ತು ನಿಮಿಷ. ಎಲ್ಲ ತೊಡಿಸಿ ಬಾಗಿಲು ತೆರೆದರೆ "ಅಮ್ಮಾ, ಒಂದಕ್ಕೆ" ಅನ್ನುತ್ತಿದ್ದ. ದಪ್ಪ ಜಾಕೆಟ್ಟು, ಬೂಟು ಇಲ್ಲಿಂದ ಕೊಂಡು ಹೋಗಬೇಡಿ. ನಾನು ಬೆಂಗಳೂರಿನಲ್ಲಿ ಕೊಂಡ ಜಾಕೆಟ್ಟು ಅಲ್ಲಿ ಅಕ್ಟೋಬರ್‌ಗೇ ಸಾಲಲಿಲ್ಲ. ಅಲ್ಲಿಯ ಚಳಿಗೆ ಅಲ್ಲಿಯ ಅಂಗಡಿಯೇ ಸರಿ.

ಶಾಲೆ ವಿಷಯ. ಹೊರದೇಶದಲ್ಲಿ ಕೇಂದ್ರೀಯ ವಿದ್ಯಾಲಯ ಇರುವುದು ಮಾಸ್ಕೋ, ಕಠ್ಮಂಡು, ತೆಹ್ರಾನ್, ಈ ಮೂರೇ ಊರಲ್ಲಿ. ಗಲ್ಫ್ ದೇಶಗಳಲ್ಲಿ ಸಿಬಿಎಸ್‌ಇ ಶಾಲೆಗಳು ಬೇಕಾದಷ್ಟಿವೆ. ಬೇರೆ ಕಡೆ ಇಂಟರ್‌ನ್ಯಾಷನಲ್ ಶಾಲೆಯೋ ಅಲ್ಲಿನ ಶಾಲೆಯೋ ನೋಡಬೇಕು. ಎರಡನೇ ಕ್ಲಾಸಿನವಳಿಗೆ ಏನೂ ತೊಂದರೆ ಇಲ್ಲ. ಕಷ್ಟ ಒಂಬತ್ತು, ಹತ್ತರಲ್ಲಿ. ಕನ್ನಡ ಮಾತ್ರ ನೀವೇ ಕಲಿಸಬೇಕು. ನಾನು ದಿನಾ ರಾತ್ರಿ ಅರ್ಧ ತಾಸು ಮಗನಿಂದ ಅಜ್ಜಿಗೆ ಫೋನ್ ಮಾಡಿಸುತ್ತಿದ್ದೆ. ಬರೆಯಲು ತಡವಾಯಿತು, ಬೈಗುಳ ಮಾತ್ರ ಎಲ್ಲ ಬರುತ್ತವೆ.

ಖಡಕ್ ರೊಟ್ಟಿ ನೂರು ಒಯ್ಯಿರಿ. ನಮ್ಮವು ಮೂರು ತಿಂಗಳು ಹಾಗೇ ಇದ್ದವು.

ಬಳ್ಳಾರಿ ಗಂಡ

ನಾನು ಇನ್ನೊಂದು ಪಕ್ಷದವನು. ನಮ್ಮ ಮನೆಯಲ್ಲಿ ಆಫೀಸರ್ ನನ್ನ ಹೆಂಡತಿ. "ಹೆಂಡತಿ ಹಿಂದೆ ಹೋದ" ಅಂತ ಬಳ್ಳಾರಿಯಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತಾ ಗೆಳೆಯರು ಎಷ್ಟು ನಕ್ಕರೋ ಲೆಕ್ಕವಿಲ್ಲ. ಅಲ್ಲಿ ಹೋದರೆ ಮೊದಲ ವಾರವೇ ಮಹಿಳೆಯರ ಕಾಫಿ ಕೂಟಕ್ಕೆ ಆಮಂತ್ರಣ ಬಂತು, ಯಾರದೋ ಪಟ್ಟಿಯಲ್ಲಿ ನಾನು "ಶ್ರೀಮತಿ" ಆಗಿದ್ದೆ. ಹೋದೆ. ಕಾಫಿ ಚೆನ್ನಾಗಿತ್ತು. ಒಳ್ಳೆ ಹಲ್ಲಿನ ಡಾಕ್ಟರ್ ಯಾರು, ಬಾಡಿಗೆ ಕರಾರಿನಲ್ಲಿ ಏನು ನೋಡಬೇಕು, ಎಲ್ಲ ಅಲ್ಲೇ ತಿಳಿಯಿತು.

ನಗಬೇಡಿ, ನಮ್ಮಂಥವರ ಲೆಕ್ಕ ಸರ್ಕಾರಕ್ಕೂ ತಡವಾಗಿ ಬಂತು. ಹೊರದೇಶದಲ್ಲಿರುವ ಸರ್ಕಾರಿ ನೌಕರರು ಸೇವಾ ಮತದಾರರು, ಅಂದರೆ ಅಲ್ಲಿಂದಲೇ ಊರಿನ ಚುನಾವಣೆಗೆ ಮತ ಹಾಕಬಹುದು. ಜೊತೆಗಿರುವ ಹೆಂಡತಿಗೂ ಆ ಹಕ್ಕು ಇತ್ತು. ಕಾನೂನಿನಲ್ಲಿ ಇದ್ದ ಶಬ್ದವೇ "ಹೆಂಡತಿ". ಗಂಡನೂ ಬರುವ ಹಾಗೆ ಅದನ್ನು ಬದಲಿಸಿದ್ದು 2021ರಲ್ಲಿ. ನೀವು ಹೋಗುವ ಮುಂಚೆ ಆ ಪಟ್ಟಿಗೆ ಹೆಸರು ಸೇರಿಸಿ ಮೇಡಂ. ಹಳೆಯ ಕಾಲ ಇನ್ನೂ ಕಷ್ಟ. ಮದುವೆಯಾಗಬೇಕಾದರೆ ಮಹಿಳಾ ಅಧಿಕಾರಿ ಸರ್ಕಾರದ ಅನುಮತಿ ಕೇಳಬೇಕು ಅಂತ ನಿಯಮ ಇತ್ತು. ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇಂಥ ನಿಯಮಗಳನ್ನು ಚೆನ್ನಾಗಿಯೇ ಝಾಡಿಸಿದರು. ಆಕೆ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಕೆಲಸ. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ರಾಜತಾಂತ್ರಿಕರು ಅಲ್ಲಿ ಸ್ವಂತ ಲಾಭಕ್ಕೆ ವೃತ್ತಿ, ವ್ಯಾಪಾರ ಮಾಡುವ ಹಾಗಿಲ್ಲ. ಮನೆಯವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಭಾರತ ಹಲವು ದೇಶಗಳ ಜೊತೆ ಇದಕ್ಕಾಗಿಯೇ ಒಪ್ಪಂದ ಮಾಡಿಕೊಂಡಿದೆ. ಅಂಥ ದೇಶವಾದರೆ ಎಂಬೆಸಿ ಮೂಲಕ ಅರ್ಜಿ ಹಾಕಿ, ಅನುಮತಿ ಬಂದ ಮೇಲೆ ದುಡಿಯಬಹುದು. ದುಡಿದದ್ದಕ್ಕೆ ಅಲ್ಲಿ ತೆರಿಗೆ ಕಟ್ಟಬೇಕು. ಆ ಕೆಲಸದ ತಕರಾರು ಕೋರ್ಟಿಗೆ ಹೋದರೆ ರಾಜತಾಂತ್ರಿಕ ರಕ್ಷಣೆ (ಅಲ್ಲಿನ ಪೊಲೀಸು, ಕೋರ್ಟಿನಿಂದ ಸಿಗುವ ವಿನಾಯಿತಿ) ಅಡ್ಡ ಬರುವುದಿಲ್ಲ. ಒಪ್ಪಂದ ಇಲ್ಲದ ದೇಶವಾದರೆ ತುಂಬಾ ಕಷ್ಟ. ಆದ್ದರಿಂದ ಊರು ಗೊತ್ತಾಗುವ ತನಕ ರಾಜೀನಾಮೆ ಬರೆಯಬೇಡಿ. ಕಾಲೇಜಿನಲ್ಲಿ ಮೊದಲು ಸಂಬಳ ಇಲ್ಲದ ರಜೆ ಕೇಳಿ, ಬಾಯಿ ಮಾತಲ್ಲಿ ಬೇಡ, ಬರವಣಿಗೆಯಲ್ಲಿ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದರೆ ಯಾರಿಗೇನು ಅಂತ ಸುಮ್ನೆ ಶುರು ಮಾಡಿದ್ದೆ. ಎರಡು ತಿಂಗಳಾದ ಮೇಲೆ ಹೆಂಡತಿ "ಅನುಮತಿ ತಗೊಂಡಿದ್ದೀಯಾ?" ಅಂದಳು. ಅವಳ ಧ್ವನಿ ಕೇಳಿಯೇ ಲ್ಯಾಪ್‌ಟಾಪ್ ಮುಚ್ಚಿದೆ. ಕಾಗದಪತ್ರ ಮುಗಿಯಲು ಐದು ತಿಂಗಳು ಆಯಿತು. ಅಷ್ಟರಲ್ಲಿ ಅಲ್ಲಿನ ಭಾಷೆ ಕಲಿತೆ, ಇಡ್ಲಿ ಮಾಡುವುದನ್ನೂ ಕಲಿತೆ.

ಇನ್ನೊಂದು. "ನಿಮಗೇನು, ಪೊಲೀಸರು ಮುಟ್ಟುವಂತಿಲ್ಲ" ಅಂತ ನೆಂಟರು ಹೇಳುತ್ತಾರೆ. ಆ ರಕ್ಷಣೆ ನಮ್ಮ ಸ್ವಂತದ್ದಲ್ಲ, ದೇಶದ್ದು. ಬೇಕೆಂದರೆ ದೇಶವೇ ಅದನ್ನು ವಾಪಸ್ ತೆಗೆದುಕೊಳ್ಳಬಹುದು. ಅಲ್ಲಿನ ಕಾನೂನು ಪಾಲಿಸಲೇಬೇಕು. ಫೇಸ್‌ಬುಕ್‌ನಲ್ಲಿ ಅಲ್ಲಿಯ ರಾಜಕೀಯದ ಬಗ್ಗೆ ಒಂದು ಸಾಲೂ ಬೇಡ, ತಮಾಷೆಗೂ ಬೇಡ.

ಕುಷ್ಟಗಿ ಅಜ್ಜಿ (ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ)

ನಾನು ಮಗಳ ಬಾಣಂತನಕ್ಕೆ ವಾಷಿಂಗ್ಟನ್‌ಗೆ ಹೋಗಿ ಐದು ತಿಂಗಳು ಇದ್ದು ಬಂದೆ. ನನ್ನದು ಎಲ್ಲರ ಹಾಗೆ ನೀಲಿ ಪಾಸ್‌ಪೋರ್ಟು. ಅಂಟಿನ ಉಂಡೆ, ಒಣ ಕೊಬ್ಬರಿ, ಚಟ್ನಿಪುಡಿ ಎಲ್ಲ ಫಾರಂನಲ್ಲಿ ಬರೆದು ತೋರಿಸಿದೆ, ಬಿಟ್ಟರು. ಮುಚ್ಚಿಡಬಾರದು. ಜೋಳದ ಹಿಟ್ಟು ಅಲ್ಲಿ ಸಾರ್ಗಮ್ ಅಂತ, ಗೋಧಿ ಒಗ್ಗದವರ ಸಾಲಿನಲ್ಲಿ ಸಣ್ಣ ಪ್ಯಾಕೆಟ್ಟಿನಲ್ಲಿ ಇಡುತ್ತಾರೆ. ಅದರ ರೇಟು ಹೇಳಿದರೆ ನಮ್ಮ ಹೊಲದವರು ನಂಬುವುದಿಲ್ಲ.

ಊರಿಗೆ ಬಂದರೆ ಎಲ್ಲರದೂ ಒಂದೇ ಮಾತು, "ಮೊಮ್ಮಗ ಅಮೆರಿಕದವನಾದ." ಆಗಲಿಲ್ಲವ್ವಾ. ರಾಜತಾಂತ್ರಿಕರ ಮಕ್ಕಳಿಗೆ ಅಲ್ಲಿ ಹುಟ್ಟಿದರೂ ಆ ಪೌರತ್ವ ಇಲ್ಲ. ನಮ್ಮ ಎಂಬೆಸಿಯಲ್ಲೇ ಜನನ ಬರೆಸಿದರು. ಅದನ್ನು ಒಂದು ವರ್ಷದೊಳಗೆ ಮಾಡಬೇಕಂತೆ. ಅಂವ ಕುಷ್ಟಗಿಯವನೇ.

ಗಂಗಾವತಿ ಕೆಮಿಸ್ಟ್ರಿ ಟೀಚರ್

ಎಲ್ಲರಿಗೂ ಕೈ ಮುಗಿದೆ. ರಾಜೀನಾಮೆ ಪತ್ರ ಬರೆದಿಟ್ಟಿದ್ದೆ, ಹರಿದೆ. ಇವತ್ತು ಪ್ರಿನ್ಸಿಪಾಲ್ ಹತ್ತಿರ ರಜೆ ಅರ್ಜಿ ಕೊಟ್ಟೆ. "ನೋಡೋಣ" ಅಂದರು. ಇನ್ನೆರಡು ಸಣ್ಣ ಪ್ರಶ್ನೆ. ಅಲ್ಲಿ ಯಾರದಾದರೂ ಮನೆಗೆ ಊಟಕ್ಕೆ ಹೋಗುವಾಗ ಏನು ಒಯ್ಯುವುದು? ಮತ್ತೆ, ಅವರ ಜೊತೆ ಏನು ಮಾತಾಡುವುದು? ನನಗೆ ಬರುವುದು ಆವರ್ತಕ ಕೋಷ್ಟಕ.

ಸಿಂಧನೂರು ಅಕ್ಕ

ಕಿನ್ನಾಳ ನಿಮ್ಮ ಕೊಪ್ಪಳದ ಪಕ್ಕದಲ್ಲೇ ಇದೆ, ನನ್ನನ್ನು ಕೇಳುತ್ತೀಯಲ್ಲ! ಚಿತ್ರಗಾರರ ಹತ್ತಿರ ಸಣ್ಣ ಗೊಂಬೆ ಇಪ್ಪತ್ತು ಕೊಂಡುಕೋ. ಹಗುರ ಮರದ್ದು, ತೂಕ ಬರುವುದಿಲ್ಲ. ಹಳೆ ಕಾಟನ್ ಸೀರೆಯಲ್ಲಿ ಸುತ್ತಿಡು. ಸಂಡೂರಿನ ಲಂಬಾಣಿ ಕಸೂತಿಯ ಚೀಲ ಹತ್ತು ಇರಲಿ, ಚಪ್ಪಟೆಯಾಗಿ ಕೂರುತ್ತವೆ. ವೈನ್ ಬಾಟಲಿ ಎಲ್ಲರೂ ತರುತ್ತಾರೆ, ಯಾರು ತಂದದ್ದು ಅಂತ ಯಾರಿಗೂ ನೆನಪಿರುವುದಿಲ್ಲ. ನಾನು ಕೊಟ್ಟ ಗರುಡ ಗೊಂಬೆ ಹತ್ತು ವರ್ಷದ ಮೇಲೂ ಒಬ್ಬರ ಮನೆಯ ಶೆಲ್ಫಿನಲ್ಲಿತ್ತು.

ಮಾತಿಗೆ ನಿನಗೇನು ಕಡಿಮೆ, ಆನೆಗುಂದಿ ನಿಮ್ಮ ತಾಲೂಕು, ಹೊಳೆ ದಾಟಿದರೆ ಹಂಪಿ. 1443ರಲ್ಲಿ ಅಬ್ದುರ್ ರಜಾಕ್ ಅಂತ ಒಬ್ಬ ರಾಯಭಾರಿ ಹೆರಾತ್‌ನಿಂದ ಬಂದು ಇಮ್ಮಡಿ ದೇವರಾಯನ ಊರಿನಲ್ಲಿ ಉಳಿದಿದ್ದ. ಎಲೆ ಅಡಿಕೆಯ ಗುಣವನ್ನು ಹೊಗಳಿ ಬರೆದಿದ್ದಾನೆ. ನಾನು ಇದನ್ನು ಹೇಳಿದಾಗ ಪಕ್ಕದ ಕುರ್ಚಿಯ ಹಿರಿಯರು ಊಟ ಬಿಟ್ಟು ಕೇಳಿದರು. ಆವರ್ತಕ ಕೋಷ್ಟಕವನ್ನೂ ಬಿಡಬೇಡ. ಯಾಂಗೂನ್‌ನಲ್ಲಿ ನಾನು ಎಂಬೆಸಿ ಮಕ್ಕಳಿಗೆ ಸಂಜೆ ಪುಕ್ಕಟೆ ಗಣಿತ ಹೇಳುತ್ತಿದ್ದೆ. ಆ ಮಂಗಳವಾರಗಳು ಬೇಗ ಹೋದವು.

ಗುರೆಳ್ಳು ಎರಡು ಕೆಜಿ ಸಾಕು. ಅಡಿಸ್‌ಗೆ ಹಾಕಿದರೆ ಅದೂ ಬೇಡ.