ಅಪ್ಪನ ಮೊಣಕಾಲು ಸೋತಿದೆ: ಕುರಿ ಹಿಂಡು ಮಾರಬೇಕಾ, ಶೆಡ್ ಕಟ್ಟಬೇಕಾ?

ಪ್ರಶ್ನೆ (ಚಳ್ಳಕೆರೆ ತಾಲೂಕು):
ನಮ್ಮಲ್ಲಿ 130 ಡೆಕ್ಕನಿ ಕುರಿ ಇವೆ. ಅಪ್ಪ ಪ್ರತಿ ವರ್ಷ ದೀಪಾವಳಿ ಮುಗಿಸಿ ತುಂಗಭದ್ರಾ ಕಾಲುವೆ ಕಡೆ ಹಿಂಡು ಹೊಡೆದುಕೊಂಡು ಹೋಗುತ್ತಾರೆ, ಮುಂಗಾರಿಗೆ ವಾಪಸ್ ಬರುತ್ತಾರೆ. ಈಗ ಮೊಣಕಾಲು ಕೈಕೊಟ್ಟಿದೆ. ನನಗೆ ಊರಲ್ಲೇ ಸಣ್ಣ ಕೆಲಸ. ಹಿಂಡು ಮಾರಿ 40 ಕುರಿ ಶೆಡ್ಡಲ್ಲಿ ಸಾಕಬೇಕಾ, ಆಳು ಇಟ್ಟು ತಿರುಗಿಸಬೇಕಾ? ಅನುಭವ ಇದ್ದವರು ಹೇಳಿ.

ಹಿರಿಯೂರಿನಿಂದ:
ತಮ್ಮಾ, ನಾನು ಮಾರಿದವನು. 2019ರಲ್ಲಿ 90 ಕುರಿಗಳನ್ನು ಒಂದೇ ದಿನ ಲಾರಿಗೆ ಹತ್ತಿಸಿದೆ. ಶೆಡ್ಡಿಗೆ 3,80,000. ಹಿಕ್ಕೆ ಕೆಳಗೆ ಬೀಳಲಿ ಅಂತ ಅಟ್ಟ ಹಾಕಿ ಸಂದಿ ಬಿಟ್ಟ ಪ್ಲಾಸ್ಟಿಕ್ ಹಲಗೆ ಹೊದಿಸಿದೆ, ಅದಕ್ಕೇ 1,10,000. ಬೋರ್ 620 ಅಡಿ ಹೋಯಿತು, ನೀರು ಎರಡು ಇಂಚು. ಮೇವು ಕತ್ತರಿಸುವ ಮಷೀನು 28,000. ಹೊಸದಾಗಿ ತಂದ ಕುರಿ 45. ಒಂದಕ್ಕೆ ದಿನಕ್ಕೆ ನಾಲ್ಕು ಕೆಜಿ ಹಸಿ ಮೇವು ಅಂದರೂ 180 ಕೆಜಿ. ಏಪ್ರಿಲ್‌ಗೆ ಬೋರ್ ನಿಂತಿತು.

ಮೇವು ಸಾಲಲಿಲ್ಲ ಅಂತ ಮೆಕ್ಕೆಜೋಳ ಜಾಸ್ತಿ ಸುರಿದೆ. ಬೆಳಗ್ಗೆ ಹೋಗಿ ನೋಡಿದರೆ ಮೈ ತುಂಬಿಕೊಂಡಿದ್ದ ಮರಿಗಳೇ ಕಾಲು ಚಾಚಿ ಬಿದ್ದಿವೆ. ಕರುಳು ಬೇನೆ. ನಾಲ್ಕು ದಿನಕ್ಕೆ 11 ಸತ್ತವು. ಹೊರಗೆ ಹೋಗೋದಿಲ್ಲವಲ್ಲ, ಲಸಿಕೆ ಯಾಕೆ ಅಂದುಕೊಂಡಿದ್ದೆ. ಒಳಗಿದ್ದ ಕುರಿಗೇ ಅದು ಮೊದಲು ಬೇಕಿತ್ತು. ಸಾಲದ ಕಂತು ಇವತ್ತಿಗೂ ಕಟ್ಟುತ್ತಿದ್ದೇನೆ.

ಕುಷ್ಟಗಿಯಿಂದ:
ಮದುವೆಯಾಗಿ ಬಂದ ಮೇಲೆ 22 ವರ್ಷ ಹಿಂಡಿನ ಜೊತೆ ನಡೆದಿದ್ದೇನೆ. ದುಡ್ಡು ಹುಟ್ಟೋದು ನಡೆಯೋದರಲ್ಲೇ. ಮೂರು ಮನೆಯವರು ಸೇರಿ 600 ಕುರಿ. ಸಿಂಧನೂರು ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ರಾತ್ರಿ ನಿಲ್ಲಿಸಿದರೆ ಹಿಕ್ಕೆ ಗೊಬ್ಬರಕ್ಕೆ 1,200 ರೂಪಾಯಿ. ಮೊದಲು ಜೋಳದ ಚೀಲವೂ ಕೊಡುತ್ತಿದ್ದರು. ಈಗ ಎಷ್ಟೋ ಗದ್ದೆಯಲ್ಲಿ ಮಷೀನಿನಲ್ಲಿ ಕೊಯ್ದು ಹುಲ್ಲಿಗೆ ಬೆಂಕಿ ಇಡುತ್ತಾರೆ, ನಾವು ಹೋಗುವ ಹೊತ್ತಿಗೆ ಬೂದಿ.

ಹೋದ ವರ್ಷ ಒಂದು ಹತ್ತಿ ಹೊಲ. ಹುಳಕ್ಕೆ ವಿಷದ ಎಣ್ಣೆ ಹೊಡೆದಿದ್ದರು, ಯಾರೂ ಹೇಳಲಿಲ್ಲ. ಸಂಜೆಗೆ ಬಾಯಲ್ಲಿ ನೊರೆ ಬಂದು 14 ಕುರಿ ಹೋದವು. ಒಂದು ತಾಯಿ ಸತ್ತು ಬಿದ್ದಿದ್ದರೂ ಮರಿ ಕೆಚ್ಚಲು ಗುದ್ದಿ ಗುದ್ದಿ ಕುಡಿಯಲು ನೋಡುತ್ತಿತ್ತು. ಪೋಸ್ಟ್‌ಮಾರ್ಟಂ ಆಗದೆ ಸರ್ಕಾರದ ಪರಿಹಾರ ಇಲ್ಲ. ಡಾಕ್ಟರು ಬಂದಿದ್ದು ಮರುದಿನ ಮಧ್ಯಾಹ್ನ. ರಾತ್ರಿಯೆಲ್ಲ ನಾಯಿ ಓಡಿಸುತ್ತಾ ನಾನೊಬ್ಬಳೇ ಹೆಣ ಕಾಯ್ದೆ. ದೊಡ್ಡ ಕುರಿಗೆ 5,000 ಇದ್ದ ಪರಿಹಾರವನ್ನು 7,500 ಮಾಡಿದ್ದಾರೆ, ಒಳ್ಳೆಯದೇ. ಆದರೆ ದಾರಿಯಲ್ಲಿ ಸತ್ತರೆ ಯಾವ ತಾಲೂಕಿನ ಬಾಗಿಲು ತಟ್ಟೋದು? ಆದರೂ ಹಿಂಡು ಬಿಟ್ಟಿಲ್ಲ. ಶೆಡ್ ಕಟ್ಟಿದವರೆಲ್ಲ ಕಡೆಗೆ ಅಳೋದನ್ನೇ ನೋಡಿದ್ದೇನೆ.

ಹಿರಿಯೂರಿನಿಂದ:
ಅಕ್ಕಾ, ನಾನು ಅಳಲಿಲ್ಲ, ಲೆಕ್ಕ ಕೊಟ್ಟೆ. ನಿಮ್ಮ ಮಕ್ಕಳು ಎಷ್ಟನೇ ಕ್ಲಾಸಿಗೆ ಸ್ಕೂಲು ಬಿಟ್ಟರು, ಅದನ್ನೂ ಬರೆಯಿರಿ. ನನ್ನ ಮಗಳು ಬಿಎಸ್‌ಸಿ ಓದುತ್ತಿದ್ದಾಳೆ. ನಾನು ಊರಲ್ಲಿ ನಿಂತಿದ್ದಕ್ಕೇ ಅದು ಆಯಿತು.

ಕುಷ್ಟಗಿಯಿಂದ:
ಮಕ್ಕಳ ಮಾತು ಎತ್ತಬೇಡಿ. ನನ್ನ ಇಬ್ಬರೂ ಅಜ್ಜಿ ಮನೆಯಲ್ಲಿ ಓದಿದರು. ವರ್ಷಕ್ಕೆ ಏಳು ತಿಂಗಳು ಅವರ ಮುಖ ನೋಡದೆ ಇದ್ದವಳು ನಾನು.

ಅಥಣಿಯಿಂದ:
ತಳಿ ಬದಲಿಸದೆ ಶೆಡ್ಡೂ ದಂಡ, ತಿರುಗಾಟವೂ ದಂಡ. ನಾನು ಕರಿ ಡೆಕ್ಕನಿ ಕುರಿ ಬಿಟ್ಟು, ಮಾಂಸಕ್ಕೆ ಸಾಕುವ ಮಾಡಗ್ಯಾಳ ತಳಿ ಮಾಡಿದೆ. ಆರು ತಿಂಗಳ ಟಗರುಮರಿ 16,000ಕ್ಕೆ ಹೋಯಿತು. ಡೆಕ್ಕನಿಗೆ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಬೇಕು. ಕತ್ತರಿಸುವವರಿಗೆ ಕೊಟ್ಟಷ್ಟೂ ಉಣ್ಣೆಗೆ ಬರೋದಿಲ್ಲ. ಬೇಲಿಗೆ ಎಸೆಯುತ್ತಿದ್ದೆವು.

ರಾಣೆಬೆನ್ನೂರಿನಿಂದ:
ನೀವು ಬೇಲಿಗೆ ಎಸೆದ ಉಣ್ಣೆಯಲ್ಲೇ ನಮ್ಮ ಮನೆ ನಡೆದದ್ದು. ಕೈಯಲ್ಲಿ ನೂತು, ಗುಂಡಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿದ ಕಂಬಳಿಯಲ್ಲಿ ಮಳೆ ನೀರು ಒಳಗೆ ಇಳಿಯೋದಿಲ್ಲ. ಕೆಜಿಗೆ 40 ಕೊಡ್ತೀನಿ ಅಂದರೂ ಈಗ ಕರಿ ಉಣ್ಣೆ ಸಿಗುತ್ತಿಲ್ಲ, ಎಲ್ಲರೂ ಉಣ್ಣೆ ಬಾರದ ಕೂದಲು ಕುರಿ ಹಿಂದೆ ಬಿದ್ದಿದ್ದೀರಿ. ನಿಮ್ಮ ಮಾಡಗ್ಯಾಳ ಡಿಸೆಂಬರ್ ಚಳಿಯಲ್ಲಿ ಒದ್ದೆ ಗದ್ದೆಯ ಮೇಲೆ ಮೂರು ತಿಂಗಳು ಮಲಗಲಿ, ಆಮೇಲೆ ಮಾತಾಡೋಣ.

ಅಥಣಿಯಿಂದ:
ಮಲಗಿದೆ, ಯಜಮಾನ್ರೇ. ಎರಡು ವರ್ಷ. ಕೆಮ್ಮು ಬಂದಿದ್ದು ನಿಜ, ಔಷಧಿಗೆ 9,000 ಆಗಿದ್ದೂ ನಿಜ. 40 ರೂಪಾಯಿಯ ಉಣ್ಣೆಯಿಂದ ಅದು ತುಂಬುತ್ತಿತ್ತಾ?

ನಾಯಕನಹಟ್ಟಿಯಿಂದ:
ಎಲ್ಲರೂ ಕುರಿ ಬಗ್ಗೆ ಹೇಳುತ್ತಿದ್ದೀರಿ, ನೆಲದ ಬಗ್ಗೆ ಒಬ್ಬರೂ ಇಲ್ಲ. ನಮ್ಮ ಚಳ್ಳಕೆರೆ ತಾಲೂಕಿನ ಅಮೃತಮಹಲ್ ಕಾವಲಿನ, ಅಂದರೆ ದನಕುರಿ ಮೇಯುವ ಹುಲ್ಲುಗಾವಲಿನ, ಸುಮಾರು 10,000 ಎಕರೆ ಬೇರೆ ಬೇರೆ ಯೋಜನೆಗಳಿಗೆ ಹೋಯಿತು, ಗೋಡೆ ಎದ್ದಿತು. ನನ್ನ ಹಿಂಡು 80ರಿಂದ 25ಕ್ಕೆ ಇಳಿದದ್ದು ರೋಗದಿಂದಲ್ಲ. ಕಾವಲಿನಲ್ಲಿ ಕುರಿ ತಾನೇ ಆರಿಸಿಕೊಂಡು ಹತ್ತು ತರಹದ ಹುಲ್ಲು ತಿನ್ನುತ್ತಿತ್ತು. ಈಗ ರಸ್ತೆ ಬದಿಯ ಜಾಲಿ ಕಾಯಿ. 2025ರಲ್ಲಿ ವಲಸೆ ಕುರಿಗಾಹಿಗಳ ರಕ್ಷಣೆಗೆ ಅಂತ ವಿಧಾನಮಂಡಲ ಕಾನೂನು ಒಪ್ಪಿದೆ. ದಾರಿಯಲ್ಲಿ ಕುರಿಗಾಹಿ ತಿನ್ನುವ ಹೊಡೆತ ತಪ್ಪಿದರೆ ಸಂತೋಷ. ಮೇಯೋಕೆ ಗೋಮಾಳ ಎಲ್ಲಿದೆ?

ಹಿರಿಯೂರಿನಿಂದ:
ಗೋಡೆ ಎದ್ದು ಎಷ್ಟೋ ವರ್ಷ ಆಯಿತು, ಅದನ್ನೇ ಹೇಳಿಕೊಂಡು ಕೂತರೆ ಹೊಟ್ಟೆ ತುಂಬುತ್ತಾ?

ನಾಯಕನಹಟ್ಟಿಯಿಂದ:
ನಿಮ್ಮ 620 ಅಡಿ ಬೋರ್ ತುಂಬಿಸಿತಾ? ಕಾವಲು ಇದ್ದಿದ್ದರೆ ನೀವೂ ಶೆಡ್ ಕಟ್ಟುತ್ತಿರಲಿಲ್ಲ ಸ್ವಾಮಿ.

ಪ್ರಶ್ನೆ ಕೇಳಿದವನು:
ಜಗಳ ಬೇಡಿ. ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಎಣ್ಣೆ ಹೊಡೆದ ಹೊಲದ ವಿಷಯ ಬಂದಾಗ ಮೊಬೈಲ್ ಕೊಡು ಅಂತ ಕೈ ಚಾಚಿದರು, ಓದೋಕೆ ಬಾರದಿದ್ದರೂ. ಆಳು ವಿಚಾರಿಸಿದೆ, ತಿಂಗಳಿಗೆ 15,000 ಮತ್ತು ಊಟ ಕೇಳುತ್ತಾರೆ. ಅಕ್ಕಾ, ನಿಮ್ಮ ಮೂರು ಮನೆಯ ಹಿಂಡಿಗೆ ನಾಲ್ಕನೆಯದು ಸೇರಿಸಿಕೊಳ್ಳುತ್ತೀರಾ?

ಕುಷ್ಟಗಿಯಿಂದ:
130 ಆಗೋದಿಲ್ಲಪ್ಪ. ಮುದಿ ಕುರಿ, ಕುಂಟು ಕುರಿ ಮಾರಿ 80ಕ್ಕೆ ಇಳಿಸು. ಲಸಿಕೆ ಹಾಕಿಸದ ಕುರಿ ನಮ್ಮ ಹಿಂಡಿಗೆ ಬೇಡ. ಅಪ್ಪ ನಡೆಯಬೇಕಾಗಿಲ್ಲ, ಬಿಡಾರದ ಹತ್ತಿರ ಮರಿ ನೋಡಿಕೊಳ್ಳೋಕೆ ನಮಗೂ ಹಿರಿಯರೊಬ್ಬರು ಬೇಕು. ದೀಪಾವಳಿಗೆ ಹದಿನೈದು ದಿನ ಮುಂಚೆ ಬಂದು ಮಾತಾಡು.

ರಾಣೆಬೆನ್ನೂರಿನಿಂದ:
ತಮ್ಮಾ, ಹೊರಡೋಕೆ ಮುಂಚೆ ಉಣ್ಣೆ ಕತ್ತರಿಸಿದರೆ ನನಗೆ ಹೇಳು. ಕರಿ ಉಣ್ಣೆ, ಮಣ್ಣು ಕಮ್ಮಿ ಇದ್ದರೆ 45 ಕೊಡುತ್ತೇನೆ.