ಸುಟ್ಟು ಮತ್ತೆ ಕಟ್ಟಿದ ಅರಮನೆ ಹಳೆಯದು ಹೇಗೆ?

ಸುಮ್ನೆ_ಓದುಗ:
ಬೀಜಿಂಗಿನ ‘ನಿಷೇಧಿತ ನಗರ’ ಎಂಬ ಅರಮನೆಯ ಬಗ್ಗೆ ಓದುತ್ತಿದ್ದೆ. 1420ರಲ್ಲಿ ಕಟ್ಟಿ ಮುಗಿಸಿದ್ದು, 600 ವರ್ಷ ಹಳೆಯದು ಎನ್ನುತ್ತಾರೆ. ಆದರೆ ಅದರ ದೊಡ್ಡ ಸಭಾಮಂದಿರ ಎಷ್ಟೋ ಸಲ ಸುಟ್ಟುಹೋಗಿದೆಯಂತೆ. ಈಗಿರುವುದು 1690ರ ದಶಕದ್ದು. ಹಾಗಾದರೆ ಇತಿಹಾಸದ ಬೆಲೆ ಯಾವುದಕ್ಕೆ? ನೋಡಿ ಬಂದವರು ಹೇಳಿ.

ಗಡಿಬಿಡಿ:
ಮಿಂಗ್, ಚಿಂಗ್ ಎರಡೂ ವಂಶ ಸೇರಿ 24 ಚಕ್ರವರ್ತಿಗಳು ಅಲ್ಲಿದ್ದು ಆಳಿದರು. 1987ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಇನ್ನೇನು ಬೇಕು ಸ್ವಾಮಿ?

ಹಳೇಕಂಬ:
ಪ್ರಶ್ನೆ ಸರಿಯಾಗಿದೆ, ಪಟ್ಟಿ ತೋರಿಸಿ ಬಾಯಿ ಮುಚ್ಚಿಸಬೇಡಿ. ನಾನು ಹೋದಾಗ ಸಿಂಹಾಸನ ಇಣುಕಲು ಜನ ಮುಗಿಬಿದ್ದಿದ್ದರು. ನಾನು ಹೊರಗಿನ ಹಂಡೆಗಳ ಹತ್ತಿರವೇ ಜಾಸ್ತಿ ಹೊತ್ತು ನಿಂತೆ. ಮನುಷ್ಯ ಇಳಿದು ಸ್ನಾನ ಮಾಡುವಷ್ಟು ದೊಡ್ಡವು. ಬೆಂಕಿ ಬಿದ್ದರೆ ಇರಲಿ ಎಂದು ನೀರು ತುಂಬಿಡುತ್ತಿದ್ದರು. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಬಾರದಲ್ಲ, ಅದಕ್ಕೆ ಕೆಳಗೆ ಬೆಂಕಿ ಹಾಕುತ್ತಿದ್ದರು! ಕೆಲವು ಹಂಡೆಗಳ ಮೇಲೆ ಗೀರುಗಳಿವೆ. 1900ರಲ್ಲಿ ನುಗ್ಗಿದ ವಿದೇಶಿ ಸೈನಿಕರು ಚಿನ್ನದ ಲೇಪ ಕೆರೆದದ್ದು ಎನ್ನುತ್ತಾರೆ.

ಆ ಭಯಕ್ಕೆ ಕಾರಣವಿತ್ತು. ಯೊಂಗ್ಲ ಚಕ್ರವರ್ತಿ ಅರಮನೆ ಕಟ್ಟಿಸಿ ವರ್ಷ ಸರಿಯಾಗಿ ತುಂಬಿರಲಿಲ್ಲ. 1421ರಲ್ಲಿ ಸಿಡಿಲು ಬಡಿದು ಮುಖ್ಯವಾದ ಮೂರೂ ಮಂದಿರಗಳು ಉರಿದುಹೋದವು. ಮತ್ತೆ ಕಟ್ಟುವ ಹೊತ್ತಿಗೆ ಸುಮಾರು ಇಪ್ಪತ್ತು ವರ್ಷ. ಅರಮನೆಯ ಸೂರು ಬಹುಮಟ್ಟಿಗೆ ಹಳದಿ ಹೆಂಚು, ಆದರೆ ಪುಸ್ತಕ ಭಂಡಾರದ್ದು ಕಪ್ಪು. ಅವರ ನಂಬಿಕೆಯಲ್ಲಿ ಕಪ್ಪು ಎಂದರೆ ನೀರು.

ಆ ಮೂರರಲ್ಲಿ ಹಿಂಬದಿಯ ಮಂದಿರದ ಮೆಟ್ಟಿಲ ಮಧ್ಯೆ ಒಂದೇ ಕಲ್ಲಿನ ಇಳಿಜಾರು ಹಾಸು ಇದೆ. 16 ಮೀಟರಿಗಿಂತ ಉದ್ದ, 200 ಟನ್ನಿಗಿಂತ ಭಾರ. ಚಳಿಗಾಲದಲ್ಲಿ ದಾರಿಗೆ ನೀರು ಸುರಿದು, ಮಂಜುಗಡ್ಡೆಯ ಮೇಲೆ ಎಳೆದು ತಂದದ್ದು. ಕಲ್ಲು ಮಿಂಗ್ ಕಾಲದ್ದು. ಮೇಲಿನ ಡ್ರಾಗನ್‌ಗಳು ಮಾತ್ರ ಚಿಂಗ್ ಕಾಲದವು, ಚಿಯೆನ್‌ಲಾಂಗ್ ಚಕ್ರವರ್ತಿ ಹಳೆಯ ಕೆತ್ತನೆ ತೆಗೆಸಿ ಹೊಸದು ಮಾಡಿಸಿದ. ಈಗ ಆ ಕಲ್ಲಿಗೆ ವಯಸ್ಸೆಷ್ಟು ಹೇಳಿ ನೋಡೋಣ? ನನಗೆ ಇಡೀ ಅರಮನೆ ಹಾಗೇ ಕಂಡಿತು. ತೊಲೆ ಬದಲಾಗಿರಬಹುದು, ನಕ್ಷೆ ಬದಲಾಗಿಲ್ಲ.

ಸುಮ್ನೆ_ಓದುಗ:
ಹಂಡೆ ವಿಷಯ ಗೊತ್ತೇ ಇರಲಿಲ್ಲ. ಒಳಗಿನ ಸಾಮಾನಾದರೂ ಹಳೆಯದೇ ಇದೆಯೇ?

ಹಳೇಕಂಬ:
ಇದೆ, ಆದರೆ ಎರಡು ಪಾಲಾಗಿ. ಕೊನೆಯ ಚಕ್ರವರ್ತಿ ಪುಯಿಯನ್ನು 1924ರಲ್ಲಿ ಹೊರಹಾಕಿ, ಮರುವರ್ಷ ಮ್ಯೂಸಿಯಂ ಮಾಡಿದರು. ಜಪಾನ್ ಸೈನ್ಯ ಹತ್ತಿರ ಬಂತೆಂದು 1933ರಲ್ಲಿ ಸಾವಿರಾರು ಪೆಟ್ಟಿಗೆ ಕಟ್ಟಿ ದಕ್ಷಿಣಕ್ಕೆ ಸಾಗಿಸಿದರು. ಅದರಲ್ಲಿ ಒಂದು ಪಾಲು 1948-49ರಲ್ಲಿ ತೈವಾನ್ ಸೇರಿತು. ಈಗಲೂ ತೈಪೆಯ ಮ್ಯೂಸಿಯಂನಲ್ಲೇ ಇದೆ.

ಹೋಗುವುದಾದರೆ ಸೋಮವಾರ ಬೇಡ, ಸಾಮಾನ್ಯವಾಗಿ ಬಾಗಿಲು ಹಾಕಿರುತ್ತಾರೆ.