ಏಳು ಪಂದ್ಯಗಳ ಸರಣಿಯಲ್ಲಿ ಅನುಭವ ಎಲ್ಲಿ ಕೆಲಸ ಮಾಡುತ್ತದೆ?

ಪ್ರಶ್ನೆ: ಹಾಸ್ಟೆಲ್ ಪಾಯಿಂಟ್ ಗಾರ್ಡ್, ಕಲಬುರಗಿ

ನಾನು ಕಲಬುರಗಿಯ ಒಂದು ಕಾಲೇಜಿನ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ನಾಯಕಿ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ ಪಂದ್ಯಗಳು ನಮಗೆ ಬೆಳಿಗ್ಗೆ ಆರರ ಸುಮಾರಿಗೆ ಶುರುವಾಗುತ್ತವೆ. ಹಾಸ್ಟೆಲ್‌ನಲ್ಲಿ ನಾಲ್ಕೈದು ಜನ ಒಂದೇ ಮೊಬೈಲ್‌ಗೆ ಮುಗಿಬಿದ್ದು ನೋಡುತ್ತೇವೆ, ಮೆಸ್‌ನಲ್ಲಿ ಸುಸಲಾ ಖಾಲಿಯಾದರೂ ಯಾರೂ ಏಳುವುದಿಲ್ಲ. ವೀಕ್ಷಕ ವಿವರಣೆ ಕೊಡುವವರು ಮಾತೆತ್ತಿದರೆ ಪ್ಲೇಆಫ್ (ಲೀಗ್ ಹಂತ ಮುಗಿದ ಮೇಲಿನ ಸುತ್ತುಗಳು) ಅನುಭವ ಎನ್ನುತ್ತಾರೆ. ಗೆದ್ದವರಿಗೆ ಅದು ಇತ್ತು, ಸೋತವರಿಗೆ ಇರಲಿಲ್ಲ ಎಂದು ಪಂದ್ಯ ಮುಗಿದ ಮೇಲೆ ಯಾರು ಬೇಕಾದರೂ ಹೇಳಬಹುದಲ್ಲ? 2025ರಲ್ಲಿ ಗೆದ್ದ ಒಕ್ಲಹೋಮಾ ಸಿಟಿ ಥಂಡರ್ ತುಂಬಾ ಎಳೆಯರ ತಂಡ. ಲೀಗ್ ಹಂತದಲ್ಲಿ 68 ಪಂದ್ಯ ಗೆದ್ದು ಬಂದಿದ್ದ ಆ ತಂಡವನ್ನು, 50 ಗೆದ್ದಿದ್ದ ಇಂಡಿಯಾನಾ ಪೇಸರ್ಸ್ ಏಳನೇ ಪಂದ್ಯದವರೆಗೆ ಎಳೆದು ತಂದಿತು. ಹಾಗಾದರೆ ಅನುಭವ ಯಾರ ಬಳಿ ಇತ್ತು?

ಕೇಳಲು ಇನ್ನೊಂದು ಕಾರಣವೂ ಇದೆ. ಅಂತರ ಕಾಲೇಜು ಟೂರ್ನಿಯ ಲೀಗ್‌ನಲ್ಲಿ ನಾವು ಸೋಲಿಸಿದ ತಂಡವೇ ಫೈನಲ್‌ನಲ್ಲಿ ಮತ್ತೆ ಎದುರಾಗಲಿದೆ. ಅವರಲ್ಲಿ ಹೆಚ್ಚಿನವರು ಅಂತಿಮ ವರ್ಷದವರು, ನಮ್ಮಲ್ಲಿ ಹೆಚ್ಚಿನವರು ಈ ವರ್ಷ ಸೇರಿದವರು. ಗೆದ್ದ ಆಟವನ್ನೇ ಆಡಬೇಕೇ, ಬದಲಿಸಬೇಕೇ? ಬಲ್ಲವರು ಹೇಳಿ.

ಉತ್ತರ: ನಿವೃತ್ತ ಪಿ.ಇ. ಮಾಸ್ತರ, ಬ್ರಹ್ಮಪುರ

ತಂಗಿ, ಮೈಕ್ ಹಿಡಿದವರು ಹೇಳುವ ಅನುಭವದಲ್ಲಿ ಅರ್ಧವನ್ನು ಕಿವಿಗೆ ಹಾಕಿಕೊಳ್ಳಬೇಡ. ಅವರ ಲೆಕ್ಕದಲ್ಲಿ ಅನುಭವಿ ಎಂದರೆ ಕೊನೆಯ ನಿಮಿಷದಲ್ಲಿ ಕೈ ನಡುಗದವನು. ಕೈ ಎಲ್ಲರದ್ದೂ ನಡುಗುತ್ತದೆ.

ನಮ್ಮ ಕಡೆ ಆಡಿ ಬೆಳೆದವರಿಗೆ ಸರಣಿ ಎಂಬುದರ ರುಚಿಯೇ ಸಿಗುವುದಿಲ್ಲ. ತಾಲ್ಲೂಕು, ಜಿಲ್ಲೆ, ದಸರಾ ಕ್ರೀಡಾಕೂಟ, ನಾನು ಮಕ್ಕಳನ್ನು ಕರೆದೊಯ್ದ ಕಡೆಯೆಲ್ಲ ನಾಕೌಟ್. ಸೋತರೆ ಸಂಜೆಯ ಬಸ್ಸಿಗೆ ಸೇಡಂಗೋ ಆಳಂದಕ್ಕೋ ವಾಪಸ್. ನಿನ್ನ ಆಟ ಎದುರಾಳಿಗೆ ಅರ್ಥವಾಗುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ. ಎನ್‌ಬಿಎ ಪ್ಲೇಆಫ್‌ನಲ್ಲಿ ಒಬ್ಬರು ನಾಲ್ಕು ಪಂದ್ಯ ಗೆಲ್ಲುವವರೆಗೂ ಅದೇ ಎದುರಾಳಿ. ಮೂರನೇ ಪಂದ್ಯದ ಹೊತ್ತಿಗೆ ಯಾರಿಗೆ ಎಡಗೈ ಡ್ರಿಬಲ್ ಬರುವುದಿಲ್ಲ, ಯಾರು ಸ್ಕ್ರೀನ್ (ಎದುರಾಳಿ ಅಡ್ಡ ನಿಂತು ಕಟ್ಟುವ ಗೋಡೆ) ದಾಟುವಾಗ ಸುಸ್ತಾಗುತ್ತಾರೆ ಎಂಬುದೆಲ್ಲ ಬಯಲಾಗಿರುತ್ತದೆ. ಆಮೇಲೆ ನಡೆಯುವುದು ಒಂದೇ ಹುಡುಕಾಟ: ಎದುರು ತಂಡದ ಐವರಲ್ಲಿ ಕಾವಲಿಲ್ಲದೆ ಬಿಟ್ಟರೂ ನಷ್ಟವಾಗದ ಒಬ್ಬ ಯಾರು?

ನೀನು ಕೇಳಿದ ಥಂಡರ್ ತಂಡವನ್ನೇ ತೆಗೆದುಕೋ. 2024ರ ಎರಡನೇ ಸುತ್ತಿನಲ್ಲಿ ಡಲ್ಲಾಸ್ ಮ್ಯಾವರಿಕ್ಸ್‌ಗೆ ಆ ಒಬ್ಬ ಸಿಕ್ಕಿದ. ಜಾಶ್ ಗಿಡ್ಡಿ, ಒಳ್ಳೆಯ ಪಾಸರ್, ಆದರೆ ದೂರದ ಎಸೆತ ನಂಬುವಂತಿರಲಿಲ್ಲ. ಡಲ್ಲಾಸ್‌ನವರು ಅವನನ್ನು ಮೂರು ಅಂಕದ ಗೆರೆಯ ಹೊರಗೆ ಅವನ ಪಾಡಿಗೆ ಬಿಟ್ಟು ರಿಂಗ್‌ನ ಕೆಳಗೆ ಗುಂಪು ಕಟ್ಟಿದರು. ಉಳಿದ ನಾಲ್ವರಿಗೆ ಒಳನುಗ್ಗಲು ದಾರಿಯೇ ಇಲ್ಲ. ಸರಣಿಯ ನಡುವೆ ಗಿಡ್ಡಿ ಆರಂಭಿಕ ಐವರಿಂದ ಬೆಂಚಿಗೆ ಹೋದ, ಡಲ್ಲಾಸ್ 4-2ರಲ್ಲಿ ಗೆದ್ದಿತು. ಅದೇ ಜೂನ್‌ನಲ್ಲಿ ಥಂಡರ್ ಅವನನ್ನು ಶಿಕಾಗೋಗೆ ಕೊಟ್ಟು ಅಲೆಕ್ಸ್ ಕರೂಸೋನನ್ನು ತಂದಿತು. ಈತ 2020ರಲ್ಲಿ ಲೇಕರ್ಸ್ ಜೊತೆ ಪ್ರಶಸ್ತಿ ಗೆದ್ದವನು.

ಮುಂದಿನ ವರ್ಷ ಮತ್ತೆ ಎರಡನೇ ಸುತ್ತು, ಡೆನ್ವರ್ ವಿರುದ್ಧ ಏಳನೇ ಪಂದ್ಯ. ಡೆನ್ವರ್‌ನ ಸೆಂಟರ್ (ರಿಂಗ್‌ನ ಬಳಿ ಆಡುವ ಎತ್ತರದ ಆಟಗಾರ) ನಿಕೋಲಾ ಯೋಕಿಚ್ 211 ಸೆಂಟಿಮೀಟರ್ ಎತ್ತರ, ಕರೂಸೋ 196. ಬಹಳ ಹೊತ್ತು ಯೋಕಿಚ್‌ನನ್ನು ಕಾದವನು ಈ ಕರೂಸೋ. ಆ ಪಂದ್ಯ ಸಿಕ್ಕರೆ ನಿಲ್ಲಿಸಿ ನಿಲ್ಲಿಸಿ ನೋಡು. ಸೆಂಟರ್ ಆಟಗಾರನ ಬೆನ್ನಿಗೆ ನಿಂತು ಕಾಯುವುದು ವಾಡಿಕೆ. ಕರೂಸೋ ಅವನ ಮುಂದೆ, ಚೆಂಡಿಗೂ ಅವನಿಗೂ ನಡುವೆ, ಸೊಂಟವನ್ನು ಅವನ ತೊಡೆಗೆ ಒತ್ತಿ, ಒಂದು ಕೈ ಮೇಲೆತ್ತಿ ನಿಲ್ಲುತ್ತಾನೆ. ಪಾಸ್ ಕೊಡಬೇಕಾದರೆ ತಲೆಯ ಮೇಲಿಂದ ಎತ್ತಿ ಹಾಕಬೇಕು. ಹಾಕಿದರೆ ಹಿಂದಿನಿಂದ ಇನ್ನೊಬ್ಬ ಬಂದು ಕಸಿಯುತ್ತಾನೆ. ಎಸೆಯಲು ಸಿಗುವ 24 ಸೆಕೆಂಡಿನಲ್ಲಿ ಐದಾರು ಸೆಕೆಂಡು ಚೆಂಡು ತಲುಪಿಸುವುದಕ್ಕೇ ಹೋಯಿತು ಎಂದರೆ ಮುಂದಿನ ಆಟ ಕೆಡುತ್ತದೆ. ಥಂಡರ್ 125-93ರಲ್ಲಿ ಗೆದ್ದಿತು, ಯೋಕಿಚ್‌ಗೆ ದಕ್ಕಿದ್ದು 20 ಅಂಕ. ಹಿಂದಿನ ವರ್ಷದ ಸೋಲನ್ನು ತಂಡವೊಂದು ಹೀಗೆ ಓದಿಕೊಂಡಿತ್ತು. ನಾನು ಅನುಭವ ಎನ್ನುವುದು ಇದಕ್ಕೆ. ಆಟಗಾರನ ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಬದಲಾವಣೆಯ ಪ್ರಶ್ನೆ. ಪೇಸರ್ಸ್ ವೇಗಕ್ಕೆ ಹೊಂದಿಸಲು ಥಂಡರ್ ಫೈನಲ್‌ನ ಮೊದಲ ಮೂರು ಪಂದ್ಯಗಳಲ್ಲಿ ದೈತ್ಯ ಹಾರ್ಟೆನ್‌ಸ್ಟೈನ್‌ನನ್ನು ಬೆಂಚಿನಲ್ಲಿ ಕೂರಿಸಿ ಸಣ್ಣ ಮೈಯ ವಾಲೇಸ್‌ನನ್ನು ಇಳಿಸಿತ್ತು. 2-1ರಿಂದ ಹಿಂದೆ ಬಿದ್ದ ಮೇಲೆ ನಾಲ್ಕನೇ ಪಂದ್ಯಕ್ಕೆ ಹಾರ್ಟೆನ್‌ಸ್ಟೈನ್ ಆರಂಭಿಕನಾಗಿ ಮರಳಿದ. 2015ರ ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಇದರ ತಿರುವುಮುರುವು ಮಾಡಿತ್ತು: 2-1ರ ಹಿನ್ನಡೆ, ನಾಲ್ಕನೇ ಪಂದ್ಯ, ಎತ್ತರದ ಬೋಗಟ್ ಹೊರಗೆ, ಇಗ್ವಡಾಲಾ ಒಳಗೆ. ಆ ಸಲಹೆ ಕೊಟ್ಟವನು ನಿಕ್ ಯುರೆನ್ ಎಂಬ ತರುಣ ಸಹಾಯಕ. ಸ್ಟೀವ್ ಕೆರ್‌ನಂಥ ತರಬೇತುದಾರ ಅವನ ಮಾತು ಕೇಳಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಾದರೆ ಕುಡಿಯುವ ನೀರು ತಂದುಕೊಡು ಎಂದು ಕಳಿಸುತ್ತಿದ್ದರು. 2011ರಲ್ಲಿ ಡಲ್ಲಾಸ್ ಕೂಡ 2-1ರಿಂದ ಹಿಂದಿದ್ದಾಗಲೇ, ನಾಲ್ಕನೇ ಪಂದ್ಯಕ್ಕೇ, ಗಿಡ್ಡ ಆಳು ಬರೇಯಾನನ್ನು ಆರಂಭಿಕನಾಗಿ ಇಳಿಸಿತು. ಮೂರೂ ತಂಡಗಳು ಪ್ರಶಸ್ತಿ ಗೆದ್ದವು. ಬದಲಿಸಿ ಸೋತವರನ್ನು ಯಾರೂ ನೆನೆಯುವುದಿಲ್ಲ, ಅದು ಬೇರೆ ಮಾತು. ಆದರೆ ನಾಲ್ಕನೇ ಪಂದ್ಯವೇ ಏಕೆ ಎಂದು ಯೋಚಿಸು. ಎದುರಾಳಿಯನ್ನು ಅಳೆಯಲು ಮೂರು ಪಂದ್ಯ ಸಾಕು, ಇನ್ನೊಂದು ಸೋತರೆ 3-1. ಫೈನಲ್‌ನಲ್ಲಿ 3-1ರಿಂದ ಎದ್ದು ಬಂದದ್ದು 2016ರ ಕ್ಲೀವ್‌ಲ್ಯಾಂಡ್ ಮಾತ್ರ.

ಉತ್ತರ: ಮಾಜಿ ವಿಶ್ವವಿದ್ಯಾಲಯ ಆಟಗಾರ್ತಿ, ಯಾದಗಿರಿ

ಮಾಸ್ತರರ ಮಾತಿಗೆ ಗೌರವವಿದೆ, ಆದರೆ ಅವರು ಹೇಳಿದಷ್ಟು ಲೆಕ್ಕಾಚಾರ ಈ ಆಟದಲ್ಲಿ ನಡೆಯುವುದಿಲ್ಲ. 2025ರ ಏಳನೇ ಪಂದ್ಯದಲ್ಲಿ ಟೈರೀಸ್ ಹ್ಯಾಲಿಬರ್ಟನ್ ಮೊದಲ ಕ್ವಾರ್ಟರ್‌ನಲ್ಲೇ 9 ಅಂಕ ಗಳಿಸಿ, ಹಿಮ್ಮಡಿಯ ಸ್ನಾಯುರಜ್ಜು ಹರಿದು ಕುಸಿದ. ಅವನಿಲ್ಲದೆಯೂ ಅರ್ಧ ಸಮಯಕ್ಕೆ ಪೇಸರ್ಸ್ ಒಂದು ಅಂಕ ಮುಂದಿತ್ತು! ಅವನು ನಿಂತಿದ್ದರೆ ಇಂದು ಥಂಡರ್‌ನವರಿಗೆ ಅನುಭವ ಸಾಲಲಿಲ್ಲ ಎಂದು ಇದೇ ಜನ ಬರೆಯುತ್ತಿದ್ದರು. 2018ರಲ್ಲಿ ಹ್ಯೂಸ್ಟನ್ ಏಳನೇ ಪಂದ್ಯದಲ್ಲಿ ಸತತ 27 ಮೂರಂಕದ ಎಸೆತ ತಪ್ಪಿಸಿತು. ಅವರ ಅನುಭವಿ ಕ್ರಿಸ್ ಪಾಲ್ ತೊಡೆಯ ನೋವಿನಿಂದ ಬೆಂಚಿನಲ್ಲಿ ಕುಳಿತಿದ್ದ. ಯಾವ ಯೋಜನೆ ಇದನ್ನೆಲ್ಲ ತಡೆಯುತ್ತದೆ?

ನಾನು ಒಪ್ಪುವ ಅನುಭವ ಒಂದೇ, ಅದು ಕಾಲಿನಲ್ಲಿ ಇರುವಂಥದ್ದು. 2013ರ ಫೈನಲ್‌ನ ಆರನೇ ಪಂದ್ಯದಲ್ಲಿ ಮಿಯಾಮಿ ಮೂರು ಅಂಕ ಹಿಂದಿದೆ, ಸೋತರೆ ಪ್ರಶಸ್ತಿ ಸ್ಯಾನ್ ಆಂಟೋನಿಯೊಗೆ. ಮಿಯಾಮಿಯ ಬಾಷ್ ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು) ಹಿಡಿದ ಕ್ಷಣ 37ರ ರೇ ಅಲೆನ್ ರಿಂಗ್‌ನ ಹತ್ತಿರದಿಂದ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಮೂಲೆ ಸೇರಿದ. ಕಾಲು ಗೆರೆಯ ಆಚೆ ಬಿತ್ತೇ ಎಂದು ಕೆಳಗೆ ನೋಡಲೂ ಇಲ್ಲ. ಅಲ್ಲಿಂದಲೇ ಮೂರಂಕದ ಎಸೆತ ಹಾಕಿದ, 5.2 ಸೆಕೆಂಡು ಬಾಕಿ ಇದ್ದಾಗ ಪಂದ್ಯ ಸಮ. ಹೆಚ್ಚುವರಿ ಅವಧಿಯಲ್ಲಿ ಗೆದ್ದು, ಏಳನೆಯದನ್ನೂ ಮಿಯಾಮಿ ಗೆದ್ದಿತು. ಆ ಹಿಂದೆಜ್ಜೆಯನ್ನು ಅವನು ಅಭ್ಯಾಸದಲ್ಲಿ ಮಾಡಿ ಮಾಡಿ ಕಾಲಿಗೆ ಕಲಿಸಿದ್ದ.

ಉತ್ತರ: ಶಹಾಬಾದ್ ರಾತ್ರಿಪಾಳಿ

ಫ್ರೀ ಥ್ರೋ (ಫೌಲ್ ಆದಾಗ ಅಡ್ಡಿಯಿಲ್ಲದೆ ಎಸೆಯಲು ಸಿಗುವ ಅವಕಾಶ) ಬಗ್ಗೆ ಯಾರೂ ಹೇಳಲಿಲ್ಲವಲ್ಲ. 2021ರ ಪ್ಲೇಆಫ್‌ನಲ್ಲಿ ಬೆನ್ ಸಿಮನ್ಸ್ 73ರಲ್ಲಿ 25 ಮಾತ್ರ ಹಾಕಿದ. ಎದುರಾಳಿಗಳು ಬೇಕೆಂದೇ ಅವನಿಗೆ ಫೌಲ್ ಮಾಡುತ್ತಿದ್ದರು. ನಿಮ್ಮ ಹುಡುಗಿಯರಿಗೆ ಓಡಿ ಓಡಿ ಏದುಸಿರು ಬಂದ ಮೇಲೆ ಫ್ರೀ ಥ್ರೋ ಹಾಕಿಸಿ. ಆರಾಮಾಗಿ ನಿಂತು ಹಾಕಿದ ಲೆಕ್ಕ ಫೈನಲ್‌ಗೆ ಬಾರದು.

ಹಾಸ್ಟೆಲ್ ಪಾಯಿಂಟ್ ಗಾರ್ಡ್

ಎಲ್ಲರಿಗೂ ಧನ್ಯವಾದ. ಮಾಸ್ತರರೇ, ನೀವು ಹೇಳಿದ ಆ ಒಬ್ಬಳು ನಮ್ಮಲ್ಲೂ ಇದ್ದಾಳೆ, ನಮ್ಮ ಸೆಂಟರ್. ಹೊರಗಿನಿಂದ ಎಸೆಯುವುದಿಲ್ಲ. ಲೀಗ್ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ ಅವಳನ್ನು ಕಾಯಬೇಕಾದವಳು ಅವಳನ್ನು ಬಿಟ್ಟು ರಿಂಗ್‌ನ ಕೆಳಗೇ ಉಳಿದಳು. ನಾನು ಒಳನುಗ್ಗಿದಾಗಲೆಲ್ಲ ಅಲ್ಲಿ ಇಬ್ಬರು. ಅವಳನ್ನು ಬೆಂಚಿಗೆ ಕಳಿಸಿದರೆ ರಿಬೌಂಡ್ ಹಿಡಿಯುವವರಿಲ್ಲ.

ನಿವೃತ್ತ ಪಿ.ಇ. ಮಾಸ್ತರ, ಬ್ರಹ್ಮಪುರ

ಯಾದಗಿರಿಯ ಮೇಡಂ ಹೇಳಿದ ಕಾಲಿನ ಮಾತು ಸರಿ, ಅದೃಷ್ಟದ ಬಗ್ಗೆ ಅವರೊಡನೆ ಇನ್ನೊಮ್ಮೆ ಜಗಳವಾಡುತ್ತೇನೆ.

ತಂಗಿ, ಹಾಗಿದ್ದರೆ ಫೈನಲ್‌ನಲ್ಲಿ ಅವರು ಮೊದಲ ಕ್ವಾರ್ಟರ್‌ನಿಂದಲೇ ಅದನ್ನು ಮಾಡುತ್ತಾರೆ. ಜೊತೆಗೆ ಒಂದು ನಿಯಮದ ವ್ಯತ್ಯಾಸ ತಿಳಿದುಕೋ. ಎನ್‌ಬಿಎಯಲ್ಲಿ ಯಾರನ್ನೂ ಕಾಯದೆ ರಿಂಗ್‌ನ ಕೆಳಗಿನ ಬಣ್ಣದ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಂತ ರಕ್ಷಕನಿಗೆ ದಂಡವಿದೆ. ನಾವು ಆಡುವ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಅದಿಲ್ಲ. ಅವರ ಹುಡುಗಿ ಪಂದ್ಯವಿಡೀ ಅಲ್ಲೇ ನಿಂತರೂ ರೆಫರಿ ಸೀಟಿ ಊದುವುದಿಲ್ಲ. ಟಿ.ವಿ.ಯಲ್ಲಿ ನೋಡಿದ್ದನ್ನು ಹಾಗೇ ಇಳಿಸಿದರೆ ಇಲ್ಲಿ ಸಿಕ್ಕಿಬೀಳುತ್ತೀರಿ.

ನಿಮ್ಮ ಸೆಂಟರ್ ಮೂಲೆಯಲ್ಲಿ ಸುಮ್ಮನೆ ನಿಲ್ಲುವುದು ಬೇಡ. ಅವಳಿಗೆ ಮೂರು ಅಂಕದ ಗೆರೆಯ ನೆತ್ತಿಯಲ್ಲಿ ಚೆಂಡು ಕೊಡಿ. ಎಸೆಯುವುದು ಬೇಡ, ಹಿಡಿದು ನಿಲ್ಲಲಿ. ನಿಮ್ಮಲ್ಲಿ ಚೆನ್ನಾಗಿ ಎಸೆಯುವವಳು ಅವಳ ಭುಜಕ್ಕೆ ಉಜ್ಜಿಕೊಂಡಂತೆ ಓಡಿ ಬಂದು ಕೈಯಿಂದ ಕೈಗೆ ಚೆಂಡು ತೆಗೆದುಕೊಳ್ಳಲಿ. ಎಸೆಯುವವಳ ಕಾವಲಿನವಳು ಸೆಂಟರ್‌ನ ಮೈಗೆ ತಡೆದು ಹಿಂದೆ ಬೀಳುತ್ತಾಳೆ. ಸೆಂಟರ್‌ನ ಕಾವಲಿನವಳು ನೆರವಿಗೆ ಬರಬೇಕಿತ್ತು, ಆದರೆ ಅವಳು ರಿಂಗ್‌ನ ಕೆಳಗೆ ಇದ್ದಾಳೆ. ಎಸೆಯುವವಳ ಮುಂದೆ ಯಾರೂ ಇರುವುದಿಲ್ಲ. ವಾರಿಯರ್ಸ್ ತಂಡ ಡ್ರೇಮಂಡ್ ಗ್ರೀನ್‌ನನ್ನು ವರ್ಷಗಟ್ಟಲೆ ಬಳಸಿಕೊಂಡದ್ದು ಹೀಗೆಯೇ. ಅವನನ್ನು ಬಿಟ್ಟವರಿಗೆ ಸಹ ಆಟಗಾರ ಸ್ಟೀಫನ್ ಕರಿ ಮೂರಂಕದ ಎಸೆತದಿಂದ ಉತ್ತರ ಕೊಡುತ್ತಿದ್ದ.

ಸೆಂಟರ್ ಚೆಂಡು ಕೊಟ್ಟ ಮರುಕ್ಷಣ ರಿಂಗ್‌ನ ಕಡೆ ತಿರುಗಿ ಓಡಬೇಕು, ನಿಂತು ನೋಡಬಾರದು. ಅವಳು ನಿಲ್ಲದೆ ಓಡಿದರೆ ರಿಬೌಂಡ್ ನಿಮ್ಮದು. ಮೊದಲ ಕ್ವಾರ್ಟರ್ ಹಳೆಯ ಆಟವನ್ನೇ ಆಡಿ, ಇದನ್ನು ಎರಡನೆಯದರಲ್ಲಿ ತೆಗೆಯಿರಿ. ಬಿಸಿಲು ಇಳಿದ ಮೇಲೆ ಅಭ್ಯಾಸಕ್ಕೆ ಬರುತ್ತೀರಲ್ಲ, ನಾಳೆಯಿಂದ ಕೊನೆಯ ಅರ್ಧ ಗಂಟೆ ಇದೊಂದನ್ನೇ ಮಾಡಿಸು. ಚೆಂಡು ಕೈ ಬದಲಾಗುವಾಗ ಸೆಂಟರ್ ಎರಡೂ ಕಾಲು ನೆಲಕ್ಕೆ ಊರಿ ನಿಂತಿದ್ದಾಳೆಯೇ ನೋಡು. ಜರುಗಿದರೆ ಅವಳ ಮೇಲೇ ಫೌಲ್ ಬೀಳುತ್ತದೆ, ಐದಕ್ಕೆ ಅವಳು ಹೊರಗೆ.